ಎಲೆಕೋಸಿನ ಹೊಲದ ಹಕ್ಕುಪತ್ರ

ಮಾರ್ಚ್ 4, ಸೋಮವಾರ

ಚಹಾ ಅರ್ಧಕ್ಕೇ ಬಿಟ್ಟು ಓಡಿದೆ. ಹತ್ತಕ್ಕೆ ಪಕ್ಷದ ಭೂಸಮಿತಿ ಸಭೆ, ನಾನೂ ಸದಸ್ಯೆ. ಹನ್ನೆರಡು ಹೆಂಗಸರ ಅರ್ಜಿ. ಮೊದಲ ಹೆಸರು ಅಪ್ಪನ ತಂಗಿ ನೊಝುಕೊ ಅತ್ತೆಯದು. ಬಿಳಿಯರಿಂದ ಸರ್ಕಾರ ಕೊಂಡ ಹೊಲದಲ್ಲಿ ಹನ್ನೊಂದು ವರ್ಷದಿಂದ ಇವರೆಲ್ಲ ಎಲೆಕೋಸು ಬೆಳೆಯುತ್ತಿದ್ದಾರೆ. ಇನ್ನೂ ಗುತ್ತಿಗೆ. ಹಕ್ಕುಪತ್ರವಿಲ್ಲದೆ ಬ್ಯಾಂಕ್ ಸಾಲವಿಲ್ಲ, ಸಾಲವಿಲ್ಲದೆ ಶೀತಲಗೃಹವಿಲ್ಲ. ಬೇಲಿಯಾಚೆಯ ಬಿಳಿಯ ರೈತ ಪೊಟ್ಗೀಟರನಿಗೆ ಅಂಥವು ಮೂರಿವೆ. ಅವನು ಹೇಳಿದ್ದೇ ಬೆಲೆ.

ಅಧ್ಯಕ್ಷ ಮ್ಝ್ವಾಂಡಿಲೆ ಓದಿದ: “ಹಕ್ಕುಪತ್ರ ಕೊಟ್ಟರೆ ಬಡವರು ನೆಲವನ್ನು ಮತ್ತೆ ಬಿಳಿಯರಿಗೇ ಮಾರುತ್ತಾರೆ. ನೆಲ ಜನತೆಯದಾಗಿಯೇ ಇರಲಿ.” ನನ್ನತ್ತ ನೋಡಿ ನಕ್ಕ. “ನಿಮ್ಮದೇ ಪ್ರಬಂಧ, ಕಾಮ್ರೇಡ್.”

ಅದನ್ನು ಬರೆದಾಗ ನನಗೆ ಇಪ್ಪತ್ಮೂರು ವರ್ಷ. ಒಂದು ಸಸಿಯನ್ನೂ ನೆಟ್ಟಿರಲಿಲ್ಲ.

ಮಾರ್ಚ್ 9

ಅತ್ತೆ ಬಂದಳು. ಬಾಗಿಲಲ್ಲೇ “ಮಾರಾದೇಬೆ” ಎಂದಳು. ನನ್ನನ್ನು ಕುಲದ ಹೆಸರಿನಿಂದ ಕರೆಯುವವಳು ಈಗ ಅವಳೊಬ್ಬಳೇ. ಸಮಿತಿಯ ಆತಂಕವನ್ನು ವಿವರಿಸಿದೆ. ಕೇಳಿಸಿಕೊಳ್ಳುತ್ತಾ ಗೋಡೆ, ಕಿಟಕಿ, ತೋಟ ಎಲ್ಲ ನೋಡಿದಳು.

“ಈ ಮನೆ ಯಾರ ಹೆಸರಲ್ಲಿದೆ?”

“ನನ್ನ ಹೆಸರಲ್ಲೇ.”

“ಬಿಳಿಯರಿಗೆ ಮಾರಿದ್ಯಾ?”

“ಇಲ್ಲ.”

“ಮತ್ತೆ ನಾನು ಮಾರ್ತೀನಿ ಅಂತ ನಿಂಗ್ಯಾರು ಹೇಳಿದ್ರು?”

ಮಾರ್ಚ್ 11

ಭಿನ್ನಮತದ ಟಿಪ್ಪಣಿ. ಎರಡು ಸಲ ಬರೆದೆ, ಎರಡು ಸಲ ಅಳಿಸಿದೆ. ಮ್ಝ್ವಾಂಡಿಲೆ ಸುಳ್ಳುಗಾರನಲ್ಲ. ಪಕ್ಕದ ಜಿಲ್ಲೆಯಲ್ಲಿ ನಾಲ್ವರು ನಿಜವಾಗಿ ಮಾರಿದರು. ಆದರೆ ಪೊಟ್ಗೀಟರನ ಮಗ ನಾಳೆ ಮಾರಿದರೆ? ಅದಕ್ಕೆ ಯಾವ ಸಮಿತಿಯೂ ಕೂರುವುದಿಲ್ಲ.

ಮಾರ್ಚ್ 18

ಮತ. ಪರ ಮೂರು, ವಿರೋಧ ಮೂರು. ನಾನು ತಟಸ್ಥ… ಒಳಗಿದ್ದೇ ತಿದ್ದಬೇಕು, ಪಕ್ಷ ಒಡೆಯಬಾರದು — ಕಾರಣಗಳಿಗೇನು ಬರ. ಅಧ್ಯಕ್ಷನ ನಿರ್ಣಾಯಕ ಮತದಿಂದ ಅರ್ಜಿ ಬಿತ್ತು. ಹೊರಗೆ ಬರುವಾಗ ಭುಜ ತಟ್ಟಿದ. ಶಿಸ್ತು ಅಂದ್ರೆ ಇದು ಎಂದ.

ಟಿಪ್ಪಣಿ ಚೀಲದಲ್ಲೇ ಇತ್ತು.

ಮಾರ್ಚ್ 30, ಸಂಜೆ

ಹೊಲಕ್ಕೆ ಹೋದೆ, ಹನ್ನೆರಡು ದಿನ ತಡವಾಗಿ. ಪೊಟ್ಗೀಟರನ ಲಾರಿಗೆ ಕೋಸು ಎಸೆಯುತ್ತಿದ್ದರು. ಅತ್ತೆ ಕೈ ಒರೆಸಿಕೊಂಡಳು.

“ಬನ್ನಿ ಮೇಡಂ.”

ಉಳಿದವರು ತಗಡಿನ ಲೋಟದಲ್ಲಿ ಚಹಾ ಕುಡಿದರು. ನನಗೆ ಸಾಸರ್ ಮೇಲಿಟ್ಟ ಕಪ್. ಅಧಿಕಾರಿಗಳು ಬಂದಾಗ ತೆಗೆಯುವಂಥದ್ದು. ಮೇಲ್ಮನವಿ ಹಾಕಬಹುದು, ನಾನೇ ಬರೆದುಕೊಡುತ್ತೇನೆ ಎಂದೆ. ಕೂರಬಹುದಾ ಎಂದು ಕೇಳಿ ನಿಂತೇ ಇದ್ದೆ.

“ಕೂತ್ಕೊಳ್ಳಿ,” ಎಂದಳು ಅತ್ತೆ. “ನಮ್ಮನ್ನೇನು ಕೇಳ್ತೀರಿ? ಜಾಗ ನಿಮ್ಮದೇ ಅಲ್ವಾ.”

ಮಾರ್ಚ್ 31

ಮೇಲ್ಮನವಿ ಶುರು ಮಾಡಿದೆ. ಮೊದಲ ಸಾಲು: ಸಮಿತಿ ಆಧಾರವಾಗಿಟ್ಟುಕೊಂಡ ಆ ವಾಕ್ಯವನ್ನು ಬರೆದವಳು ನಾನು. ಅದು ತಪ್ಪು.