ಅಂಟಿಸಿದ ಕೊನೆಯ ಪುಟ

ಕುಷ್ಟಗಿ
೧೪ ಜುಲೈ ೨೦೨೪

ನನ್ನ ಶೈಲೂ,

ಇಷ್ಟು ದಿನ ನಿನ್ನ ಫೋನು ಎತ್ತಲಿಲ್ಲ. ಯಾಕೆ ಅಂತ ನೀ ಗಂಗಾವತಿಯಲ್ಲಿ ಕೂತು ತಲೆ ಕೆಡಿಸಿಕೊಂಡಿರಬೇಕು. ನಿಜ ಹೇಳಲೇನು? ನಿನ್ನ ಮೇಲೆ ಅನುಮಾನ ಬಂದಿತ್ತು. ನೀ ಬರೆದು, ಚಿತ್ರ ಬಿಡಿಸಿ ಕಳಿಸಿದ ಹೊಸ ಪುಸ್ತಕ, ಆ ‘ಮರಿಕುರಿಯ ಮುಳ್ಳು’, ಅದರಿಂದಲೇ ಎಲ್ಲ ಶುರುವಾಯಿತು.

ನಮ್ಮ ಸೃಷ್ಟಿ ಈಗ ಒಂದನೇ ತರಗತಿ, ಅಕ್ಷರ ಕೂಡಿಸಿ ಓದುತ್ತಾಳೆ. ನಿನ್ನ ಪುಸ್ತಕಗಳನ್ನೆಲ್ಲ ದಿಂಬಿನ ಪಕ್ಕ ಇಟ್ಟುಕೊಳ್ಳುವ ಹುಡುಗಿ, ಇದೊಂದನ್ನು ಮಾತ್ರ ಜೋಳದ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದಳು. ತೆಗೆದು ನೋಡಿದರೆ, ಕೊನೆಯ ಪುಟ ಬಿಚ್ಚದ ಹಾಗೆ ಅನ್ನದ ಅಗಳು ತಿಕ್ಕಿ ಅಂಟಿಸಿಬಿಟ್ಟಿದ್ದಾಳೆ! ಮುಳ್ಳು ಚುಚ್ಚಿದ್ದನ್ನು ಮುಚ್ಚಿಟ್ಟುಕೊಂಡು ಕುಂಟುತ್ತಿದ್ದ ಮರಿ ಅವ್ವನ ಮುಂದೆ ಎಲ್ಲ ಹೇಳಿಬಿಡುವ ಪುಟ ಅದು. ಕೇಳಿದ್ದಕ್ಕೆ, “ಆ ಮರಿ ಛಲೋ ಇಲ್ಲ” ಅಂದಳು. ಆಮೇಲೆ ಮೆಲ್ಲಗೆ, “ಅವ್ವಾ, ಮಾತು ಕೊಟ್ಟು ಮುರದ್ರ ದೇವ್ರು ಸಿಟ್ಟಾಕ್ಕಾನೇನು?” ಅಂತ ಕೇಳಿದಳು.

ಇಷ್ಟು ಸಣ್ಣ ಕೂಸು ಯಾರಿಗೆ ಏನಂತ ಮಾತು ಕೊಟ್ಟಿದೆ? ನಿನ್ನ ಮುಂದೆ ಫೋನಿನಲ್ಲಿ ಏನೋ ಬಾಯಿಬಿಟ್ಟಿರಬೇಕು, ನೀ ನನ್ನ ಮನೆಯ ಸಂಗತಿಯನ್ನೇ ಕಥೆ ಮಾಡಿರಬೇಕು ಅನಿಸಿತು. ಆಮೇಲೆ ಕಂಡ ಗಂಡಸರ ಮೇಲೆಲ್ಲ ಗುಮಾನಿ. ಟ್ಯೂಷನ್ ಹೇಳುವ ಗೋವಿಂದರಾಜ ಮಾಸ್ತರರ ಹತ್ತಿರ ಕಳಿಸುವುದನ್ನೇ ನಿಲ್ಲಿಸಿದೆ. ಆ ಮನುಷ್ಯ ಹಾದಿಯಲ್ಲಿ ಸಿಕ್ಕು, “ಯಾಕ್ರಿ ತಂಗೀ, ಏನರ ತಪ್ಪಾತೇನ್ರಿ?” ಅಂದರೂ ಮುಖ ತಿರುಗಿಸಿಕೊಂಡು ಬಂದೆ.

ಕೊನೆಗೆ ಕಣ್ಣು ಅತ್ತೆಯ ಮೇಲೆ ನಿಂತಿತು. ಸಾಲಿಯಿಂದ ಸೃಷ್ಟಿಯನ್ನು ಕರೆತರುವವರು ಅವರೇ. ಇತ್ತೀಚೆಗೆ ಇಷ್ಟೇ ಇಷ್ಟು ಹಾದಿಗೆ ತಾಸುಗಟ್ಟಲೆ ಮಾಡುತ್ತಿದ್ದರು. “ಹುಡುಗಿ ಆಡಕೋತ ಬಂತವ್ವ” ಅನ್ನುವರು, ನನ್ನ ಮುಖ ನೋಡದೆ. ಹುಡುಗಿಯೂ ಅದನ್ನೇ ಬಾಯಿಪಾಠ ಮಾಡಿದವರ ಹಾಗೆ ಹೇಳುವಳು. ನಾದಿನಿ ಅನ್ನಪೂರ್ಣಳ ಮನೆಯಲ್ಲಿ ಕೂತು ನನ್ನ ಮೇಲೆ ಚಾಡಿ ಹೇಳುತ್ತಾರೆ, ಕೂಸಿನ ಬಾಯಿ ಕಟ್ಟಿದ್ದಾರೆ ಅಂತ ಲೆಕ್ಕ ಹಾಕಿದೆ.

ಗುರುವಾರ ಹೊಲಿಗೆ ಅಂಗಡಿ ಬೇಗ ಮುಚ್ಚಿ ಅವರ ಬೆನ್ನು ಹತ್ತಿದೆ. ಬಸ್ ನಿಲ್ದಾಣದ ಹತ್ತಿರ ರಸ್ತೆ ಕವಲೊಡೆಯುವಲ್ಲಿ ಅತ್ತೆ ನಿಂತುಬಿಟ್ಟರು. ಆ ಕಡೆ ನೋಡಿದರು, ಈ ಕಡೆ ನೋಡಿದರು. ಹನುಮಸಾಗರದ ಬಸ್ಸಿನ ಕಡೆ ಹೊರಟೇಬಿಟ್ಟರು. ಸೃಷ್ಟಿ ಸೆರಗು ಹಿಡಿದು ಜಗ್ಗಿದಳು. “ಆಯಿ, ಅದು ನಿನ್ನ ತವರಮನಿ ಬಸ್ಸು. ನಮ್ಮ ಮನಿ ಇಲ್ಲೆ ಐತಿ, ಬಾ.”

“ನೀ ಯಾರ ಮಗಳವ್ವ?” ಅಂದರು ಅತ್ತೆ.

ಮಗಳು ಅಳಲಿಲ್ಲ ಶೈಲೂ. ರೂಢಿಯಾದವರ ಹಾಗೆ, “ನಾ ಸೃಷ್ಟಿ. ನಿನ್ನ ಬಸೂನ ಮಗಳು” ಅಂದಳು. ಸ್ವಲ್ಪ ಹೊತ್ತಿಗೆ ಅತ್ತೆಗೆ ಅರಿವು ಬಂತು. ಕಟ್ಟೆಯ ಮೇಲೆ ಕುಸಿದು ಕೂತು ಅವಳ ಗಲ್ಲ ಹಿಡಿದರು. “ನಿಮ್ಮವ್ವಗ ಹೇಳಬ್ಯಾಡ ನನ್ನ ಕಂದ. ಹೇಳಿದ್ರ ನಿನ್ನ ಕರಕೊಂಡು ಬರಾಕ ನನ್ನ ಕಳಸಂಗಿಲ್ಲ.”

ನಾನು ಮಿರ್ಚಿ ಬಂಡಿಯ ಹಿಂದೆ ನಿಂತಿದ್ದೆ. ಹೊರಗೆ ಬಂದಿದ್ದೇ ತಡ, ಸೃಷ್ಟಿ, “ನಾ ಹೇಳಿಲ್ಲ ಆಯಿ, ನಾ ಹೇಳಿಲ್ಲ!” ಅಂತ ಚೀರಿದಳು. ಅವಳನ್ನು ಬಗಲಿಗೆ ಎತ್ತಿಕೊಂಡು, ಅತ್ತೆಯ ಕೈ ಹಿಡಿದು ಮನೆಗೆ ಕರೆತಂದೆ.

ನಿನ್ನ ಪುಸ್ತಕದಲ್ಲಿ ತಪ್ಪಿಲ್ಲ. ಆದರೆ “ಮರಿಕುರಿ ಹೇಳಿ ಶಾಣ್ಯಾ ಆತು, ನಾ ಹೇಳಲಿಲ್ಲ, ನಾ ಕೆಟ್ಟಾಕಿ ಏನವ್ವಾ?” ಅಂತ ಸೃಷ್ಟಿ ಕೇಳುತ್ತಿದ್ದಾಳೆ. ಮುಳ್ಳು ಚುಚ್ಚಿದ್ದು ಬೇರೆಯವರ ಕಾಲಿಗಾದರೆ ಮರಿ ಏನು ಮಾಡಬೇಕು? ಅಂಥದೊಂದು ಕಥೆ ಬರಿ. ಬೇಗ ಬರಿ.

ನಾಳೆ ಅತ್ತೆಯನ್ನು ಕೊಪ್ಪಳದ ಡಾಕ್ಟರರಿಗೆ ತೋರಿಸುತ್ತೇನೆ. ಸಾಲಿಗೆ ಅವರು ಹೋಗುವುದನ್ನು ಬಿಡಿಸುವುದಿಲ್ಲ, ಜೊತೆಗೆ ನಾನೂ ಹೋಗುತ್ತೇನೆ. ಮಾಸ್ತರರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ, ಅದೊಂದು ತಿಳಿಯುತ್ತಿಲ್ಲ.

ನಿನ್ನ ಮೇಲೆ ಸುಮ್ಮಸುಮ್ಮನೆ ಸಿಟ್ಟಾದ ಗೆಳತಿ,
ಶಿವಲೀಲಾ

ತಾ.ಕ.: ಉತ್ತರವನ್ನು ನನ್ನ ಅಂಗಡಿಯ ವಿಳಾಸಕ್ಕೆ ಬರಿ. ನಮ್ಮ ಮನೆಯವರಿಗೆ ಇನ್ನೂ ಏನೂ ಗೊತ್ತಿಲ್ಲ. “ಬಸೂನ ಮುಂದ ಹೇಳಬ್ಯಾಡವ್ವ” ಅಂತ ಅತ್ತೆ ನನ್ನಿಂದಲೂ ಮಾತು ತೆಗೆದುಕೊಂಡಿದ್ದಾರೆ. ಕೊಪ್ಪಳಕ್ಕೆ ಹೋಗುವುದು ಅಂಗಡಿಗೆ ರವಿಕೆಯ ಅಸ್ತರ್ ಬಟ್ಟೆ ತರಲು ಅಂತ ಮನೆಯವರಿಗೆ ಹೇಳಿದ್ದೇನೆ. ಅದಕ್ಕೆ ನಮ್ಮವ್ವ ಯಾಕೆ ಬರಬೇಕು ಅಂತ ಅವರು ಮತ್ತೆ ಮತ್ತೆ ಕೇಳುತ್ತಿದ್ದಾರೆ, ನನ್ನ ಮುಖವನ್ನೇ ನೋಡುತ್ತ.