ಹುಳು ಹಣ್ಣಾಗೋ ಹೊತ್ತಿಗೆ ಹೇಳ್ತೀನಿ

ಮೇ 12, ಸೋಮವಾರ. ಬೆಳಿಗ್ಗೆ

ಸೊಪ್ಪು ಕೊಟ್ಟು ಬಂದೆ. ಕೈ ತೊಳೆದಿದ್ದೇನೆ, ಆದರೂ ಪುಟಕ್ಕೆ ಹಸಿರು ಮೆತ್ತುತ್ತಿದೆ. ಮೆತ್ತಲಿ. ನಿನ್ನೆ ಅಪ್ಪ ತಂದ ರೇಷ್ಮೆ ಹುಳುಗಳು ಅಕ್ಕಿಕಾಳಿಗಿಂತ ಕೊಂಚ ಉದ್ದ, ಅಷ್ಟೇ. ಆಗಲೇ ಏನು ತಿನ್ನುತ್ತವೆ!

“ನಿನ್ ಕೈ ಬಿದ್ರೆ ಸಾಕು ಕನಮ್ಮಿ, ಉಳ ತಲೆ ಎತ್ತವೆ” ಅಂದಳು ಅಜ್ಜಿ. ನನ್ನನ್ನು ಬೆಳಗಿನ ಪಾಳಿಗೆ ಎಬ್ಬಿಸುವ ಉಪಾಯ. ಗೊತ್ತಿದ್ದೂ ಪ್ರತಿ ಸಲ ಉಬ್ಬಿಹೋಗುತ್ತೇನೆ.

ಅದೇ ದಿನ, ಮಧ್ಯಾಹ್ನ

ಸೆಲೆಕ್ಟ್ ಆಗಿದ್ದೇನೆ!! ಕೊಳ್ಳೇಗಾಲದ ಪಿಯು ಕಾಲೇಜಿನ ಸ್ಪೆಷಲ್ ಬ್ಯಾಚ್. ಏಪ್ರಿಲ್‌ನಲ್ಲಿ ಎಂಟ್ರೆನ್ಸ್ ಬರೆದು ಮರೆತೇಬಿಟ್ಟಿದ್ದೆ. ಅಂಗಳದಲ್ಲಿ ಕುಣಿದೆ. ಕೋಳಿಗಳೆಲ್ಲ ದಿಕ್ಕಾಪಾಲು.

ಆಮೇಲೆ ವಾಟ್ಸಾಪ್‌ಗೆ ಟೈಮ್ ಟೇಬಲ್ ಬಂತು. ಕುಣಿತ ನಿಂತಿತು. ಬೆಳಿಗ್ಗೆ ಏಳಕ್ಕೆ ಕ್ಲಾಸ್, ಸಂಜೆ ಏಳಕ್ಕೆ ಬಿಡುಗಡೆ. ಭಾನುವಾರ ಟೆಸ್ಟ್. ಬೋರ್ಡ್ ಪಾಠ, ನೀಟ್, ಸಿಇಟಿ ಎಲ್ಲ ಒಟ್ಟಿಗೆ. ಎರಡು ವರ್ಷ ಹೀಗೆ. ಬೇಡ ಅಂದರೆ ಹನೂರಿನ ಸರ್ಕಾರಿ ಕಾಲೇಜಿದೆ. ಹತ್ತರಿಂದ ನಾಲ್ಕು, ಒಂದನೇ ಕ್ಲಾಸಿನಿಂದ ಜೊತೆಗಿರುವ ರೂಪ, ಬಸ್ಸಿನಲ್ಲಿ ಹರಟೆ, ಮನೆಗೆ ಬಂದರೆ ಹುಳು. ಮುಂದಿನ ವಾರದಿಂದ ಕೆಲವು ದಿನ ಕ್ಲಾಸಿನಲ್ಲಿ ಕೂತು ನೋಡಬಹುದಂತೆ. ತಿಂಗಳ ಕೊನೆಗೆ ಸೇರ್ತೀನಿ ಇಲ್ಲವೇ ಸೇರಲ್ಲ ಅಂತ ಹೇಳಬೇಕು.

ಅಪ್ಪ: “ನಿನ್ನಿಷ್ಟ ಕನವ್ವ.” ಅವ್ವ: “ಓದೋಳು ನೀನು. ನಾವೇನ್ ಯೋಳದು?” ಅಜ್ಜಿ ಎದ್ದು ಸೊಪ್ಪು ಹೆಚ್ಚಲು ಹೋದಳು. ಅಜ್ಜಿ ಹೀಗೆ ಎದ್ದು ಹೋದರೆ ನನಗೆ ಭಯ.

“ಉಳ ಹಣ್ಣಾಗೊ ಹೊತ್ಗೆ ಯೋಳ್ತೀನಿ” ಅಂದುಬಿಟ್ಟೆ. ನಮ್ಮ ಮನೆಯಲ್ಲಿ ಎಲ್ಲಕ್ಕೂ ಅದೇ ವಾಯಿದೆ. ಗೋಡೆಗೆ ಬಣ್ಣ, ನೆಂಟರ ಮದುವೆ, ಅಪ್ಪನ ಹಲ್ಲು ಕೀಳಿಸುವುದು... ಹುಳುಗಳು ತಿನ್ನುವುದು ನಿಲ್ಲಿಸಿ, ಮೈಯೆಲ್ಲ ಹೊಂಬಣ್ಣವಾಗಿ, ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟಿಗೆ ಹೋಗುವವರೆಗೆ ಯಾರೂ ಯಾವುದನ್ನೂ ತೀರ್ಮಾನ ಮಾಡುವುದಿಲ್ಲ.

ಮೇ 15

ಹುಳು ಜ್ವರಕ್ಕೆ ಕೂತಿವೆ. ಪೊರೆ ಬಿಡುವ ಮುಂಚೆ ಹೀಗೆ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತವೆ. ಇವತ್ತು ಸೊಪ್ಪಿಲ್ಲ, ನಮಗೂ ರಜೆ.

ರೂಪ ಬಂದಿದ್ದಳು. ಸೆಂಟು ಹಾಕಿಕೊಂಡಿದ್ದಳು, ಆ ವಾಸನೆ ಹುಳಕ್ಕೆ ಆಗದು, ಅದಕ್ಕೆ ಅವ್ವ ಹುಳು ಮನೆಯ ಹತ್ತಿರಕ್ಕೂ ಬಿಡಲಿಲ್ಲ. ಬೇವಿನ ಮರದ ಕೆಳಗೆ ನಿಂತೇ ಕೂಗಿದಳು: “ಲೇ, ಆ ಬ್ಯಾಚಲ್ಲಿ ನಗಂಗಿಲ್ವಂತೆ ಕಣೇ! ನಮ್ಮಣ್ಣ ಯೋಳ್ದ. ಬೊಂಬೆ ತರ ಕೂತಿರ್ಬೇಕಂತೆ.”

ಬೊಂಬೆ ತರ ಕೂತು ನೋಡಿದೆ. ಕರು ಬಂದು ನನ್ನ ದಾವಣಿಯ ಸೆರಗು ಜಗಿಯತೊಡಗಿತು, ನಗು ತಡೆಯಲಾಗಲಿಲ್ಲ. ನಿಜ ಹೇಳಬೇಕು, ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ... ಓದುವುದಕ್ಕೆ ಹೆದರಿಕೆಯಿಲ್ಲ. ಎರಡು ವರ್ಷದಲ್ಲಿ ನಾನು ನಾನಾಗಿ ಉಳಿಯದಿದ್ದರೆ ಅನ್ನುವುದೇ ಹೆದರಿಕೆ.

ಮೇ 19, ಸೋಮವಾರ

ಮೊದಲ ದಿನ. ಫಿಸಿಕ್ಸಿಗೆ ಕುಮಾರಸ್ವಾಮಿ ಸರ್. ಕುಂತೂರಿನವರು, ಕಬ್ಬು ಬೆಳೆಯುವ ಮನೆ. ದೊಡ್ಡ ದನಿ. ಪಾಠಕ್ಕೆ ಮುಂಚೆ ಹುರಿದುಂಬಿಸುವ ಭಾಷಣ.

“ನೀವೆಲ್ಲ ರೇಷ್ಮೆ ಹುಳು ಇದ್ದ ಹಾಗೆ. ಎರಡು ವರ್ಷ ಬೇರೆ ಯೋಚನೆ ಇಲ್ಲದೆ ತಿನ್ನಿ. ಆಮೇಲೆ ಚಿನ್ನದಂಥ ಗೂಡು ಕಟ್ತೀರಿ!”

ಬಾಯಿ ಮುಚ್ಚಿಕೊಂಡಿರಬೇಕು ಅಂತ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿಕೊಂಡು ಹೋಗಿದ್ದೆ. ಕೈ ತಾನಾಗಿ ಮೇಲೆ ಹೋಯಿತು. “ಸಾ, ಗೂಡು ಕಟ್ಟಿದ್ ಮ್ಯಾಲೆ ಉಳನ ಬಿಸ್ನೀರ್ಗೆ ಆಕ್ತಾರೆ ಸಾ.”

ಇಡೀ ಕ್ಲಾಸ್ ಹೋ ಅಂದಿತು. ಅರ್ಧಕ್ಕರ್ಧ ಹುಳು ಸಾಕುವ ಮನೆಯ ಮಕ್ಕಳೇ. ಸರ್ ನಗಲಿಲ್ಲ. ಹೆಸರು ಕೇಳಿದರು.

“ಮಾಲಿನಿ ಸಾ. ಕಾಮಗೆರೆ.”

ಬರೆದುಕೊಂಡರು. ಮುಗಿಯಿತು ನನ್ನ ಕಥೆ.

ಮೇ 20

ಸರ್ ಒಳಗೆ ಬಂದವರೇ, “ಮಾಲಿನಿ, ಎದ್ದು ನಿಲ್ಲಮ್ಮ.”

“ವಿಚಾರಿಸಿದೆ. ಬಿತ್ತನೆ ಗೂಡು ಅಂತ ಒಂದಿರುತ್ತಂತೆ. ಅದನ್ನ ಬೇಯಿಸಲ್ಲ. ಚಿಟ್ಟೆ ಆಗೋಕೆ ಬಿಡ್ತಾರೆ. ನೀವು ಅದು!” ಗೆದ್ದ ಮುಖ.

ಹೂಂ ಅಂದು ಕೂತಿದ್ದರೆ ಆಗುತ್ತಿತ್ತು. “ಆ ಚಿಟ್ಟೆಗೆ ರೆಕ್ಕೆ ಇದ್ರೂ ಆರಕ್ಕೆ ಬರಕಿಲ್ಲ ಸಾ.”

ಈ ಸಲ ಮೊದಲು ನಕ್ಕವರು ಸರ್. ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು. “ಬಿಡಮ್ಮ, ನಮ್ಮೂರ ಕಬ್ಬೇ ವಾಸಿ. ನೀವೆಲ್ಲ ಕಬ್ಬು. ಸರೀನಾ?”

ಹಿಂದಿನ ಬೆಂಚಿನಿಂದ ಯಾರೋ: “ಗಾಣಕ್ಕೆ ಆಕ್ತಾರೆ ಸಾ!”

ನಗಂಗಿಲ್ಲ ಅಂದವರು ಯಾರು? ರೂಪಾಳ ಅಣ್ಣ ಯಾವ ಕ್ಲಾಸಿನಲ್ಲಿ ಕೂತಿದ್ದನೋ. ಸಂಜೆ ಸರ್ ತಮ್ಮದೇ ಒಂದು ಟೆಸ್ಟ್ ಕೊಟ್ಟರು, ಭಾನುವಾರದ್ದು ಬೇರೆ. ನಲವತ್ತಕ್ಕೆ ಒಂಬತ್ತು. ಆಗ ಮಾತ್ರ ನಗು ಬರಲಿಲ್ಲ.

ಮೇ 24, ಶನಿವಾರ

ಹುಳು ಕೊನೆಯ ಹಂತದಲ್ಲಿವೆ. ಬೆರಳಿನಷ್ಟಾಗಿವೆ. ಹಗಲು ರಾತ್ರಿ ಸೊಪ್ಪು. ಬೆಳಿಗ್ಗೆ ಐದಕ್ಕೆ ಎದ್ದು ಹುಳು ಮನೆಗೆ ಓಡಿದರೆ ಬಾಗಿಲಲ್ಲೇ ಅವ್ವ: “ನಿನ್ ಪಾಳಿನ ನಿಮ್ಮಜ್ಜಿ ಮಾಡ್ತಾವ್ಳೆ. ನೀ ಬಸ್ ಇಡಿ ಓಗು.”

ನನ್ನನ್ನು ಕೇಳದೆ! ಇಣುಕಿ ನೋಡಿದೆ. ನಾನಿಲ್ಲದೆ ಸೊರಗಿರುತ್ತವೆ ಅಂದುಕೊಂಡಿದ್ದೆ. ಇಲ್ಲ. ಮದುವೆ ಊಟಕ್ಕೆ ಕೂತವರ ಹಾಗೆ ತಿನ್ನುತ್ತಿದ್ದವು. ಅಳು ಬಂತು. ಅಜ್ಜಿ ತಿರುಗಿಯೂ ನೋಡದೆ ಅಂದಳು: “ಉಳಕ್ಕೆ ಸೊಪ್ಪು ಬೇಕು ಕನಮ್ಮಿ. ನಿನ್ ಮೊಕ ಅಲ್ಲ.”

ಬೇಡ ಅನ್ನಲು ಇಟ್ಟುಕೊಂಡಿದ್ದ ದೊಡ್ಡ ನೆಪ ಹೋಯಿತು. ಇನ್ನು ಉಳಿದಿರುವುದು ಆ ಒಂಬತ್ತು.

ಮೇ 26, ಸಂಜೆ

ಬಂತು! ಬಂತು!!

ಸರ್ ಒಂದು ಲೆಕ್ಕ ಕೊಟ್ಟಿದ್ದರು. ಬಾವಿಗೆ ಕಲ್ಲು ಹಾಕಿದೆ, ಇಷ್ಟು ಹೊತ್ತಿಗೆ ಸದ್ದು ಕೇಳಿತು, ಬಾವಿಯ ಆಳ ಎಷ್ಟು? ಮೂರು ದಿನ ತಿಣುಕಿದೆ. ನಿನ್ನೆ ನಮ್ಮ ತೋಟದ ಬಾವಿಗೆ ಕಲ್ಲು ಹಾಕಿ ಹಾಕಿ, ಅಪ್ಪನಿಂದ “ಬಾವಿ ಮುಚ್ಚೋಗ್ತದೆ ಕನವ್ವ” ಅನ್ನಿಸಿಕೊಂಡೆ. ಇವತ್ತು ಬೆಳಿಗ್ಗೆ ಬಸ್ಸು ಮಧುವನಹಳ್ಳಿ ದಾಟುವಾಗ ಹೊಳೆಯಿತು. ಕಲ್ಲು ಬೀಳಲು ಒಂದು ಹೊತ್ತು. ಸದ್ದು ಮೇಲೆ ಬರಲು ಇನ್ನೊಂದು. “ಎರಡು!” ಅಂತ ಕಿರುಚಿದೆ. ಕಂಡಕ್ಟರ್ ಬಂದು, “ಇನ್ನೊಬ್ರು ಎಲ್ಲವ್ವ?” ಅಂದರು.

ಇಂಥ ಖುಷಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಹುಳು ಜ್ವರದಿಂದ ಎದ್ದು ಮೊದಲ ಸೊಪ್ಪಿಗೆ ಬಾಯಿ ಹಾಕುವುದನ್ನು ನೋಡಿದಾಗಿನ ಖುಷಿ ಗೊತ್ತು. ಇದು ಅದರ ಅಕ್ಕನೋ ತಂಗಿಯೋ. ಹನೂರಿನಲ್ಲೂ ಈ ಲೆಕ್ಕ ಮಾಡಬಹುದು. ಆದರೆ ದಿನಾ ಹೀಗೆ ತಲೆ ಕೆಡಿಸುವವರು ಬೇಕು ನನಗೆ.

ಮೇ 28

ಧೈರ್ಯ ಮಾಡಿ ಸ್ಟಾಫ್ ರೂಮಿಗೆ ಹೋದೆ. “ಸಾ, ಸೇರುದ್ರೆ ಉಳ ಹಣ್ಣಾದ್ ದಿನ ಒಂದ್ ರಜ ಬೇಕು. ವರ್ಷಕ್ಕೆ ಐದಾರ್ ಸಲ, ಅಷ್ಟೆಯ.”

“ಈ ಬ್ಯಾಚಿಗೆ ಹಬ್ಬಕ್ಕೇ ರಜೆ ಇಲ್ಲ. ಹುಳಕ್ಕೆ ಎಲ್ಲಿಂದ ತರಲಮ್ಮ? ನಾಳೆ ಎರಡನೇ ಟೆಸ್ಟ್. ತಪ್ಪಿಸಬೇಡ.” ಕೋಪದಿಂದ ಹೇಳಲಿಲ್ಲ. ಅದಕ್ಕೇ ಬೇಜಾರು ಜಾಸ್ತಿ ಆಯಿತು.

ಮನೆಗೆ ಬಂದು ಹುಳುಗಳಿಗೆ ಹೇಳಿದೆ: ನಾಳೆ ಬೇಡ, ನಾಡಿದ್ದು ಹಣ್ಣಾಗಿ. ದಯವಿಟ್ಟು.

ಮೇ 29, ಸಂಜೆ

ನನ್ನ ಮಾತು ಯಾವಾಗ ಕೇಳಿವೆ?

ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಟಿದ್ದೆ. ಅಜ್ಜಿ ಹುಳು ಮನೆಯಿಂದ ಬಂದಳು, ಅಂಗೈಯಲ್ಲಿ ಒಂದು ಹುಳು. ಬಿಸಿಲಿಗೆ ಹಿಡಿದು ತೋರಿಸಿದಳು. ಕೆಳಗಿನ ಬೆರಳು ಮಂಜುಮಂಜಾಗಿ ಕಾಣುವಷ್ಟು ತಿಳಿಯಾಗಿತ್ತು ಮೈ.

“ಹಣ್ಣಾಯ್ತು. ಈಗ್ ಯೋಳವ್ವ.”

ಅಪ್ಪ ಬೈಕಿನ ಹತ್ತಿರ. ಅವ್ವ ಒಲೆಯ ಹತ್ತಿರ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಇಷ್ಟು ದಿನ ಒಬ್ಬರೂ ಬಾಯಿ ಬಿಡದೆ ಹೇಗೆ ತಡೆದುಕೊಂಡಿದ್ದರೋ.

“ಓಯ್ತೀನಿ ಕನಜ್ಜಿ. ಸೇರ್ತೀನಿ. ಆದ್ರೆ ಇವತ್ತಲ್ಲ.”

ಬ್ಯಾಗ್ ಗೂಟಕ್ಕೆ ಹಾಕಿ ಒಳಗೆ ನುಗ್ಗಿದೆ. ಹಣ್ಣಾದವು ಕಾಯುವುದಿಲ್ಲ. ಹೊತ್ತಿಗೆ ಆಯ್ದು ಚಂದ್ರಿಕೆಗೆ ಬಿಡದಿದ್ದರೆ ಕಸದಲ್ಲೇ ನೂಲು ಬಿಡುತ್ತವೆ. ಅವರ ಹುಳಕ್ಕೆ ನಾವು ಹೋಗಿದ್ದ ಲೆಕ್ಕಕ್ಕೆ, ಮುಯ್ಯಾಳಾಗಿ ಅಕ್ಕಪಕ್ಕದವರೆಲ್ಲ ಬಂದರು. ರೂಪಾನೂ ಬಂದಳು, ಸೆಂಟು ಹಾಕದೆ, ಎರಡು ಸಲ ಸೋಪು ಹಚ್ಚಿ ಸ್ನಾನ ಮಾಡಿಕೊಂಡು. ಆಯ್ದೆವು, ನಕ್ಕೆವು, ಅಜ್ಜಿ ಎಲ್ಲರನ್ನೂ ಬೈದಳು. ಇಂಥ ದಿನ ವರ್ಷಕ್ಕೆ ಐದಾರೇ.

ಹತ್ತೂವರೆಗೆ ಅಪ್ಪನ ಫೋನಿಗೆ ಸರ್. ಅಪ್ಪ ಸ್ಪೀಕರ್ ಹಾಕಿ ಕೂಗಿದ: “ಉಳ ಹಣ್ಣಾಗ್ಬುಟ್ಟವೆ ಸಾ! ಮಗೀಗೆ ಕೈ ಬುಡುವಿಲ್ಲ!”

ಆ ಕಡೆಯಿಂದ ಸರ್ ದನಿ: “ರಜೆ ಅಂತ ನಾನು ಕೊಟ್ಟಿಲ್ಲ, ಅದು ನೆನಪಿರಲಿ. ನಾಳೆ ಏಳಕ್ಕೆ ಬಂದು ಟೆಸ್ಟ್ ಬರೀಲಿ. ಬಿಸಿನೀರು ಕಾಯಿಸಿ ಇಟ್ಟಿರ್ತೀನಿ ಅಂತ ಹೇಳಿ ಅವಳಿಗೆ.”

ಅಪ್ಪ ಫೋನನ್ನೇ ನೋಡುತ್ತ ನಿಂತ. “ಯಾಕಮ್ಮಿ, ಕಾಲೇಜಲ್ಲಿ ಸ್ನಾನ ಮಾಡುಸ್ತಾರಾ?”

ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟೆ. ಮಡಿಲಲ್ಲಿದ್ದ ಹುಳುಗಳೆಲ್ಲ ಅಲ್ಲಾಡಿದವು.

ಮೇ 30, ಶುಕ್ರವಾರ. ಬೆಳಿಗ್ಗೆ 6:40

ಕಾಲೇಜಿನ ಎದುರಿನ ಕಟ್ಟೆಯ ಮೇಲೆ. ಬೇಗ ಬಂದುಬಿಟ್ಟೆ. ಕೈ ಇನ್ನೂ ಹುಳು ವಾಸನೆ. ಹೊರಡುವಾಗ ಚಂದ್ರಿಕೆಗಳ ತುಂಬ ಬೆಳ್ಳಗೆ ಎಳೆ ಕಂಡಿತು, ಎಲ್ಲವೂ ಗೂಡಿಗೆ ಕೂತಿವೆ. ಅಜ್ಜಿ ಬಸ್ಸಿನವರೆಗೆ ಬಂದಳು. ಅಳುತ್ತಾಳೆ ಅಂದುಕೊಂಡೆ. “ಮುಂದ್ಲ ಉಳಕ್ಕೆ ಬೆಳಗಿನ್ ಪಾಳಿ ನಿಂದೆಯ. ಬಸ್ಗಿಂತ ಮುಂಚೆ ಎದ್ದೇಳು” ಅಂದಳು. ಅತ್ತವಳು ನಾನು, ಸ್ವಲ್ಪವೇ.

ಇವತ್ತೂ ಒಂಬತ್ತೇ ಬರಬಹುದು. ಹತ್ತು ಬಂದರೆ ಅಜ್ಜಿಗೆ ಫೋನ್.

ಸರ್ ಬಂದರು. ಗೇಟಿನಲ್ಲಿ ನಿಂತು ಪ್ರಶ್ನೆಪತ್ರಿಕೆ ಬೀಸಿ ಕರೆಯುತ್ತಿದ್ದಾರೆ. ಮುಖ ಗಂಟು ಹಾಕಿಕೊಂಡಿದ್ದಾರೆ, ಆದರೆ ಮೀಸೆಯಡಿಯ ನಗು ಮಾತು ಕೇಳುತ್ತಿಲ್ಲ. ಸೇರುತ್ತೇನೆ ಅಂತ ಅವರಿಗಿನ್ನೂ ಹೇಳಿಲ್ಲ. ಹೇಳುತ್ತೇನೆ. ಅದಕ್ಕೂ ಮುಂಚೆ ಕೇಳಬೇಕಾದ್ದೊಂದಿದೆ: ಸಾ, ನೀರು ಕಾದದಾ?