ಎಡಚಿಯ ಜಡೆ

ಮೇ ೧೨, ಭಾನುವಾರ

ನನ್ನ ಪುಟ್ಟೀ,

ಹೇಗಿದ್ದೀಯ? ನಿನ್ನ ಪತ್ರ ಬಂದು ವಾರಗಳೇ ಆದವು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಶಾಲೆ ಶುರುವಾಗುವ ಮುಂಚೆ ಮಕ್ಕಳ ಯೂನಿಫಾರ್ಮ್ ಹೊಲಿಗೆ ರಾಶಿ ಬಿದ್ದಿದೆ. ಕನಸಿನಲ್ಲೂ ಕಾಲರ್ ತಿರುಗಿಸುತ್ತಿರುತ್ತೇನೆ. ಈ ಸಲ ರಜೆ ಸಿಗುವುದಿಲ್ಲ, ಬರಲಾಗುವುದಿಲ್ಲ ಎಂದು ಬರೆದಿದ್ದೀಯ. ಇರಲಿ, ಕೆಲಸ ಮುಖ್ಯ. ಹೊತ್ತು ಹೊತ್ತಿಗೆ ಊಟ ಮಾಡು.

ಒಂದು ತಮಾಷೆ ಹೇಳುತ್ತೇನೆ ಕೇಳು. ಕಳೆದ ಭಾನುವಾರ ಯಾರೋ ಬಾಗಿಲು ಬಡಿದರು. ತೆಗೆದರೆ ನಿಮ್ಮಪ್ಪನ ಹೊಸ ಹೆಂಡತಿ! ಎರಡು ಬಸ್ಸು ಬದಲಿಸಿ ಬಂದಿದ್ದಾಳೆ. ಗುಂಗುರು ಕೂದಲು, ಕೈಯಲ್ಲಿ ಬೆಣ್ಣೆಯ ಪೊಟ್ಟಣ. "ಅಕ್ಕಾ, ನೀವು ಮಾಡ್ತಿದ್ರಲ್ಲ ಜಡೆ ಬ್ರೆಡ್ಡು, ಅದನ್ನ ಹೇಳ್ಕೊಡ್ತೀರಾ?" ಅಂದಳು. ಅಕ್ಕ ಅಂತೆ! ನನ್ನ ಸಂಸಾರ ಮುರಿದವಳಿಗೆ ನಾನು ಅಕ್ಕ. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎಂಬ ಗಾದೆಯನ್ನು ಅವಳಿಗೆ ಯಾರೂ ಹೇಳಿಲ್ಲವೇನೋ.

ಬಾಗಿಲನ್ನು ಮುಖಕ್ಕೆ ಬಡಿಯಬೇಕು ಅನ್ನಿಸಿತು. ಬಡಿಯಲಿಲ್ಲ. "ಬಾ ತಾಯಿ, ಕೂತ್ಕೋ" ಅಂದೆ. ಪಕ್ಕದ ಮನೆಯ ನರ್ಸಮ್ಮ ಆಮೇಲೆ ಸರಿಯಾಗಿ ಬೈದಳು: "ನಿನಗೇನು ತಲೆ ಕೆಟ್ಟಿದ್ಯಾ? ಉಪ್ಪು ಒಂದು ಹಿಡಿ ಜಾಸ್ತಿ ಹೇಳಿ ಕಳಿಸೋದಲ್ವಾ!" ಉಪ್ಪು ಜಾಸ್ತಿಯಾದರೆ ಒಂದು ದಿನ ಮುಖ ಸಿಂಡರಿಸುತ್ತಾರೆ, ಮರುದಿನ ಮರೆಯುತ್ತಾರೆ. ಅಷ್ಟು ಅಗ್ಗದ ಸೇಡು ನನಗೆ ಬೇಡ.

ಅದಕ್ಕೇ ಎಲ್ಲವನ್ನೂ ಸರಿಯಾಗಿಯೇ ಹೇಳಿಕೊಟ್ಟೆ. ಹಾಲು ಬೆರಳಿಗೆ ಹಿತವಾಗುವಷ್ಟೇ ಬೆಚ್ಚಗಿರಬೇಕು, ಹೆಚ್ಚು ಬಿಸಿಯಾದರೆ ಯೀಸ್ಟ್ ಸತ್ತುಹೋಗುತ್ತದೆ. ಬೆಣ್ಣೆ ಕರಗಿರಬಾರದು, ಮೆತ್ತಗಿರಬೇಕು. ಹಿಟ್ಟು ಒಂದು ಹದಕ್ಕೆ ಬಂದ ಮೇಲೆ ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ಕೈಗೆ ಅಂಟುತ್ತದೆ ಎಂದು ಅವಳು ಮತ್ತೆ ಮತ್ತೆ ಮೈದಾ ಉದುರಿಸಲು ಹೋದಳು. ಕೈ ಹಿಡಿದು ನಿಲ್ಲಿಸಿದೆ. "ನಾದು, ತಾನಾಗೇ ಬಿಡುತ್ತೆ." ನಾದಿ ನಾದಿ ಅವಳ ರಟ್ಟೆ ಬಿದ್ದುಹೋಯಿತು. ನನಗೆ ಹಾಲು ಕುಡಿದಷ್ಟು ಸಂತೋಷ.

ಹಿಟ್ಟು ಉಬ್ಬಲು ಬಿಟ್ಟು ಕೂತಾಗ ಅವಳೇ ಬಾಯಿಬಿಟ್ಟಳು. "ನಿಮ್ಮ ಬ್ರೆಡ್ಡಿನ ಜಡೆ ಒಂದು ಕಡೆ ವಾಲಿರ್ತಿತ್ತಂತೆ. ಅದೇ ಚೆಂದ ಅಂತ ಇವರು ಹೇಳ್ತಿರ್ತಾರೆ." ಕೇಳಿದೆಯಾ? ನಾನು ಬ್ರೆಡ್ಡು ಮೇಜಿನ ಮೇಲಿಟ್ಟಾಗಲೆಲ್ಲ ನಿಮ್ಮಪ್ಪ ಏನನ್ನುತ್ತಿದ್ದರು, ನೆನಪಿದೆಯಲ್ಲ? "ಎಡಚೀ, ಇದೂ ನಿನ್ನ ಹಾಗೇ ಸೊಟ್ಟ." ಮನೆಗೆ ಬಂದವರ ಮುಂದೆಯೂ ಅದೇ ಮಾತು, ಎಲ್ಲರೂ ನಗುತ್ತಿದ್ದರು. ಎಡಗೈಯವಳು ಮಾಡಿದ್ದೆಲ್ಲ ಎಡವಟ್ಟು! ಆಮೇಲೆ ಅರ್ಧ ಬ್ರೆಡ್ಡನ್ನು ಅವರೊಬ್ಬರೇ ಮುಗಿಸುತ್ತಿದ್ದರು. ನನಗೆ ಸಿಗಬೇಕಾಗಿದ್ದ ಒಂದು ಒಳ್ಳೆಯ ಮಾತು ಇಷ್ಟು ವರ್ಷವಾದ ಮೇಲೆ ಅವಳ ಕಿವಿಗೆ ಬಿತ್ತು. ಹೊಟ್ಟೆ ಉರಿಯಿತು ಪುಟ್ಟೀ.

ಹೆಣೆಯುವ ಹೊತ್ತಿಗೆ ಅವಳು ನನ್ನ ಪಕ್ಕಕ್ಕೆ ಬಂದಳು. "ಎದುರಿಗೆ ಕೂತ್ಕೋ, ಚೆನ್ನಾಗಿ ಕಾಣುತ್ತೆ" ಎಂದು ಮೇಜಿನ ಆಚೆ ನಾನೇ ಕುರ್ಚಿ ಹಾಕಿದೆ. ಇಬ್ಬರೂ ನಾಲ್ಕು ನಾಲ್ಕು ಎಳೆ ಹೊಸೆದು ತುದಿ ಸೇರಿಸಿದೆವು. ನಾನು ನನ್ನ ಎಡತುದಿಯ ಎಳೆ ಎತ್ತಿದರೆ, ಅವಳು ಕನ್ನಡಿಯಲ್ಲಿ ನೋಡಿದ ಹಾಗೆ ತನ್ನ ಬಲತುದಿಯದನ್ನು ಎತ್ತಿದಳು. ಒಂದರ ಮೇಲೆ, ಒಂದರ ಕೆಳಗೆ, ಮತ್ತೆ ಒಂದರ ಮೇಲೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಕಲಿತಳು. ಮೊಟ್ಟೆ ಸವರಿ, ಓವನ್ನಿನಲ್ಲಿಟ್ಟು ತೆಗೆದರೆ ಬಣ್ಣ, ಪರಿಮಳ ಎಲ್ಲ ನನ್ನದರ ಹಾಗೆಯೇ. ಜಡೆ ಮಾತ್ರ ನನ್ನದಕ್ಕೆ ತಿರುಗಾಮುರುಗಾ, ಆ ಕಡೆಗೆ ವಾಲಿದೆ. ಅವಳಿಗೆ ಅದು ಕಾಣಲೇ ಇಲ್ಲ. "ಥೇಟ್ ನಿಮ್ಮದೇ ಅಕ್ಕಾ!" ಎಂದು ಕುಣಿದಳು. ನಾನು ಹೂಂ ಅಂದೆ. ನನ್ನದರಲ್ಲಿ ಒಂದು ತುಂಡೂ ಕೊಡದೆ ಬಟ್ಟೆ ಮುಚ್ಚಿ ಒಳಗಿಟ್ಟೆ.

ಇನ್ನು ಅವಳು ವಾರ ವಾರ ನಾದುತ್ತಾಳೆ. ನಿಮ್ಮಪ್ಪ ನೋಡಿ "ಏನೋ ಸರಿಯಿಲ್ಲ" ಅನ್ನುತ್ತಾರೆ, ಏನೆಂದು ಹೇಳಲು ಬರುವುದಿಲ್ಲ. ಅವಳು ಬೆಣ್ಣೆ ಹೆಚ್ಚಿಸುತ್ತಾಳೆ, ಸಕ್ಕರೆ ಹೆಚ್ಚಿಸುತ್ತಾಳೆ, ಮತ್ತೆ ನಾದುತ್ತಾಳೆ. ಮಾಡಿದ್ದುಣ್ಣೋ ಮಹಾರಾಯ!

ಸರಿ, ಕಾಲರುಗಳು ಕಾಯುತ್ತಿವೆ. ನಿನ್ನ ಕಣ್ಣಿಗೆ ನಿದ್ದೆ, ಹೊಟ್ಟೆಗೆ ಊಟ ಎಂದೂ ಕಡಿಮೆಯಾಗದಿರಲಿ. ನೂರು ಕಾಲ ಬಾಳು.

ನಿನ್ನ
ಅಮ್ಮ

ಬರೆಯದೆ ಉಳಿದದ್ದು: ಅವಳು ಹೊಸ್ತಿಲಲ್ಲಿ ನಿಂತಾಗಲೇ ಇನ್ನೊಂದು ಮಾತು ಹೇಳಿದ್ದಳು. "ಬ್ರೆಡ್ಡು ಇವರಿಗಲ್ಲ ಅಕ್ಕಾ. ಮುಂದಿನ ತಿಂಗಳು ನಿಮ್ಮ ಮಗಳು ನಮ್ಮನೆಗೆ ಬರ್ತಾಳಲ್ಲ, ರಜೆ ಪೂರ್ತಿ ಇರ್ತಾಳೆ. ಅವಳೇ ಕೇಳಿದ್ದು. ನಿಮಗೆ ಗೊತ್ತಿರುತ್ತಲ್ಲ." ಹೂಂ, ಗೊತ್ತು ಅಂದೆ. ಆಮೇಲೆಯೇ ನಾನು ಹಿಟ್ಟಿಗೆ ಕೈ ಹಾಕಿದ್ದು, ಆಮೇಲೆಯೇ ಎದುರಿಗೆ ಕುರ್ಚಿ ಹಾಕಿದ್ದು. ಪಾಪ, ಅಕ್ಕರೆಯಿಂದ ತಂದಿಡುತ್ತಾಳೆ, ಹೊಟ್ಟೆ ತುಂಬ ತಿನ್ನು. ವರ್ಷಗಟ್ಟಲೆ ನಿನ್ನ ತಲೆಗೆ ಜಡೆ ಹಾಕಿದ ಕೈ ಯಾವುದೆಂದು ನಿನಗೆ ಗೊತ್ತು. ತಟ್ಟೆಯನ್ನು ಹೇಗೆ ಬೇಕಾದರೂ ತಿರುಗಿಸಿ ನೋಡು ಮಗಳೇ, ಅದು ಈ ಕಡೆಗೆ ವಾಲುವುದಿಲ್ಲ.